ಹಳೆಯ ಪಂಚೆ, ಅಡಿಕೆಯ ಚೊಗರು: ಒಂದು ಮನೆಯ ದೀಪಾವಳಿ ಸಿಂಗಾರದ ಪ್ರಕರಣ

2024ರ ಅಕ್ಟೋಬರ್ 23ರ ಬೆಳಿಗ್ಗೆ ತಂಗಿಯ ಫೋನ್ ಬಂತು. "ಅಕ್ಕ, ನಾವು ಮಾಡಿದ ಮೂರು ಆಕಾಶಬುಟ್ಟಿಗಳಿಗೂ ಬೂಷ್ಟು ಹಿಡಿದಿದೆ. ಹಳದಿ ಕಾಗದ ಹಚ್ಚಿದ್ದಂತೂ ಹೊಟ್ಟೆ ಇಳಿಬಿಟ್ಟುಕೊಂಡು ಕೂತಿದೆ. ಮಗಳು ಎದ್ದಾಗಿನಿಂದ ಮಾತೇ ಆಡುತ್ತಿಲ್ಲ." ನರಕ ಚತುರ್ದಶಿಗೆ ಎಂಟು ದಿನ ಉಳಿದಿತ್ತು. ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಆ ವಾರವಿಡೀ ಮಳೆ ಬಿಟ್ಟುಬಿಟ್ಟು ಹೊಯ್ಯುತ್ತಿತ್ತು. ಆ ಬುಟ್ಟಿಗಳನ್ನು ಹಾಗೆ ಮಾಡಬೇಕೆಂದು ಹೇಳಿಕೊಟ್ಟವಳು ನಾನು. ಆದ್ದರಿಂದ ಈ ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ, ಖರ್ಚು ಮತ್ತು ತಪ್ಪುಗಳ ಸಮೇತ ಬರೆದಿಡುತ್ತಿದ್ದೇನೆ.

ತಂಗಿಯ ಮನೆ ಸಾಗರದಿಂದ ಇಕ್ಕೇರಿಯ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿದೆ. ಒಂದೂವರೆ ಎಕರೆ ಅಡಿಕೆ ತೋಟ, ಅದರ ತಲೆಯ ಮೇಲೆ ಸ್ವಲ್ಪ ಗದ್ದೆ. ಮನೆಯಲ್ಲಿ ಗಂಡ, ಅತ್ತೆ, ಒಂಬತ್ತನೆಯ ತರಗತಿಯ ಮಗಳು, ಆರನೆಯ ತರಗತಿಯ ಮಗ. ಆ ವರ್ಷದ ವೈಶಾಖದಲ್ಲಿ ಹಳೆಯ ಹೆಂಚಿನ ಮನೆಯ ಪಕ್ಕದಲ್ಲೇ ಹೊಸ ಮನೆ ಕಟ್ಟಿ ಒಕ್ಕಲಾಗಿದ್ದರು. ಸಾಲದ ಕಂತು ಶುರುವಾಗಿತ್ತು, ಅಡಿಕೆಯ ಹಣ ಇನ್ನೂ ಮರದ ಮೇಲಿತ್ತು. ಹೊಸ ಮನೆಯಲ್ಲಿ ಮೊದಲ ದೀಪಾವಳಿ ಎಂದ ಮೇಲೆ ನೆಂಟರು ಬರುತ್ತಾರೆ, ಮನೆ ನೋಡುತ್ತಾರೆ. ದಸರಾ ರಜೆಗೆ ಶಿವಮೊಗ್ಗದ ನನ್ನ ಮನೆಗೆ ಬಂದಿದ್ದ ಹುಡುಗಿ ಗಾಂಧಿ ಬಜಾರಿನ ಅಂಗಡಿಗಳ ಮುಂದೆ ನಿಂತು ಮೊಬೈಲಿನಲ್ಲಿ ಬೆಲೆಗಳನ್ನೆಲ್ಲ ಬರೆದುಕೊಂಡಳು. ಬಟ್ಟೆಯ ಆಕಾಶಬುಟ್ಟಿ ಒಂದಕ್ಕೆ 850, ಮೂರು ಬೇಕು. ಮಣಿ ಮತ್ತು ಪ್ಲಾಸ್ಟಿಕ್ ಹೂವಿನ ಬಾಗಿಲ ತೋರಣ 650. ಪ್ಲಾಸ್ಟಿಕ್ ಚೆಂಡುಹೂವಿನ ಸರ ಒಂದಕ್ಕೆ 120ರಂತೆ ಹನ್ನೆರಡು. ಮಿಣುಕು ದೀಪದ ಸರ ಎರಡು, ಒಂದಕ್ಕೆ 450. ಬಣ್ಣ ಬಳಿದ ಹಣತೆಯ ಒಂದು ಡಜನ್ ಪೆಟ್ಟಿಗೆ 480. ಒಟ್ಟು 6,020 ರೂಪಾಯಿ.

ಭೂಮಿ ಹುಣ್ಣಿಮೆಯ ದಿನ, ಅಂದರೆ ಅಕ್ಟೋಬರ್ 17ರಂದು, ತಂಗಿ ನನ್ನನ್ನು ಕೇಳಿದಳು: "ಇದನ್ನೆಲ್ಲ ಮನೆಯಲ್ಲೇ ಮಾಡಲು ಆಗುತ್ತದೆಯೇ ಅಕ್ಕ? ಇಲ್ಲ ಎಂದು ಹೇಳಿದರೆ ಅವಳ ಮುಖ ನೋಡಲು ಆಗುವುದಿಲ್ಲ." ನಾನು ಹೊಲಿಗೆ ಕಲಿಸುವವಳು. ಕೈಯಿಂದ ಆಗದ ಕೆಲಸ ಇದರಲ್ಲಿ ಯಾವುದೂ ಇಲ್ಲ ಎಂದುಕೊಂಡೆ. ಸಾವಿರ ರೂಪಾಯಿಯೊಳಗೆ ಮುಗಿಸೋಣ ಎಂದು ಮಾತು ಕೊಟ್ಟೆ. ಆ ಹುಣ್ಣಿಮೆಯಿಂದ ಚತುರ್ದಶಿಗೆ ಸರಿಯಾಗಿ ಹದಿನಾಲ್ಕು ದಿನ.

ಮೊದಲ ಹಂತದಲ್ಲಿ ನಾವು ಮಾಡಿದ್ದು ಅಂಗಡಿಯ ವಸ್ತುವಿನ ನಕಲು. ಎಲ್ಲ ತೊಂದರೆಯೂ ಅಲ್ಲಿಂದಲೇ ಹುಟ್ಟಿತು. ಅಂಗಡಿಯ ಬುಟ್ಟಿ ಹೊಳೆಯುತ್ತದೆ, ಆದ್ದರಿಂದ ನಮ್ಮದೂ ಹೊಳೆಯಬೇಕು ಎಂದು ಜರಿಯ ಅಂಚು, ಮಿಂಚಿನ ಪುಡಿ ಕೊಂಡೆ: 260 ರೂಪಾಯಿ. ಅಂಗಡಿಯದು ಬಿಸಿ ಅಂಟಿನಿಂದ ಕೂಡಿಸಿದ್ದು ಎಂದು ಬಿಸಿ ಅಂಟಿನ ಗನ್ನು ಮತ್ತು ಅದರ ಕಡ್ಡಿಗಳು: 350. ಗಾಳಿಪಟಕ್ಕೆ ಬಳಸುವ ತೆಳು ಬಣ್ಣದ ಕಾಗದ ಎಂಟು ಹಾಳೆ: 120. ಶನಿವಾರ ತಾಳಗುಪ್ಪದ ರೈಲಿನಲ್ಲಿ ಈ ಚೀಲ ಹಿಡಿದು ಸಾಗರಕ್ಕೆ ಇಳಿದಾಗಲೇ 730 ರೂಪಾಯಿ ಖರ್ಚಾಗಿತ್ತು. ಇನ್ನೂ ಒಂದು ಕಡ್ಡಿಯನ್ನೂ ಸೀಳಿರಲಿಲ್ಲ.

ಚೌಕಟ್ಟಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮನೆಯಲ್ಲಿ ಬುಟ್ಟಿ ಮಾಡಲು ಹೊರಟ ಬಹಳ ಜನ ಅಲ್ಲೇ ಕೈಬಿಡುತ್ತಾರೆ. ಒಂದು ಬುಟ್ಟಿಗೆ ಒಂಬತ್ತು ಇಂಚು ಉದ್ದದ ಇಪ್ಪತ್ತನಾಲ್ಕು ಬಿದಿರು ಕಡ್ಡಿ ಬೇಕು. ನಾಲ್ಕು ಕಡ್ಡಿಗೊಂದು ಚೌಕದಂತೆ ಆರು ಚೌಕ ಕಟ್ಟಿಕೊಳ್ಳಬೇಕು. ಒಂದು ಚೌಕವನ್ನು ನೆಲದ ಮೇಲಿಟ್ಟು, ಅದರ ನಾಲ್ಕು ಮೂಲೆಗಳಿಗೆ ಬೇರೆ ನಾಲ್ಕು ಚೌಕಗಳ ಒಂದೊಂದು ಮೂಲೆ ಕಟ್ಟಿ ಮೇಲೆತ್ತಬೇಕು. ಆಗ ಆ ನಾಲ್ಕು ಚೌಕಗಳ ಪಕ್ಕದ ಮೂಲೆಗಳು ಒಂದಕ್ಕೊಂದು ತಾಗುತ್ತವೆ, ಅಲ್ಲಿ ಮತ್ತೆ ಗಂಟು. ಆರನೆಯದು ಮುಚ್ಚಳದಂತೆ ಮೇಲೆ ಕೂರುತ್ತದೆ. ಹನ್ನೆರಡು ಮೂಲೆ, ಆರು ಚೌಕ. ನಡುವೆ ಎಂಟು ತ್ರಿಕೋನಗಳು ತಾವಾಗಿಯೇ ಹುಟ್ಟುತ್ತವೆ, ಅವಕ್ಕೆಂದು ಒಂದು ಕಡ್ಡಿಯನ್ನೂ ಹೆಚ್ಚಿಗೆ ಹಾಕಬೇಕಾಗಿಲ್ಲ. ಇದನ್ನು ಕಂಡು ಹುಡುಗಿ ತನ್ನ ಗಣಿತದ ನೋಟ್‌ಬುಕ್ ತಂದು ಚಿತ್ರ ಬರೆದುಕೊಂಡಳು. ನನಗೆ ಆ ಇಡೀ ಹದಿನಾಲ್ಕು ದಿನಗಳಲ್ಲಿ ಬಹಳ ಇಷ್ಟವಾದ ಗಳಿಗೆ ಅದು.

ಆದರೆ ಮೊದಲ ಚೌಕಟ್ಟನ್ನು ನೆಲದಿಂದ ಎತ್ತಿದ ಕೂಡಲೇ ಅದು ಕೈಯಲ್ಲೇ ತಿರುಚಿಕೊಂಡು ಕುಸಿಯಿತು. ಬಿಸಿ ಅಂಟು ಕಿತ್ತು ಬಂದಿತ್ತು. ಮಳೆಗಾಲದ ಬಿದಿರಿನಲ್ಲಿ ಇನ್ನೂ ನೀರಿನ ಪಸೆ ಇರುತ್ತದೆ, ಆ ನುಣುಪು ಮೈಗೆ ಅಂಟು ಕಚ್ಚುವುದಿಲ್ಲ. ಹುಡುಗ ತೋಟಕ್ಕೆ ಓಡಿ ಬಾಳೆಪಟ್ಟೆ ಸೀಳಿ ನಾರು ತಂದ. ಹಸಿ ನಾರಿನಿಂದ ಗಂಟು ಬಿಗಿಯಾಗಿಯೇ ಬಿತ್ತು, ಆದರೆ ಮರುದಿನ ನಾರು ಒಣಗಿ ಸಣ್ಣಗಾಗಿ ಗಂಟುಗಳು ಸಡಿಲವಾದವು. ಕೊನೆಗೆ ಮೇಣ ಸವರಿದ ಹತ್ತಿಯ ದಾರದಿಂದ ಕಟ್ಟಿದೆವು. ಗಂಟು ನಿಂತಿತು, ಚೌಕಟ್ಟು ಮಾತ್ರ ಮತ್ತೆ ತಿರುಚಿಕೊಂಡಿತು.

ಇಲ್ಲಿ ತಂಗಿಯ ಗಂಡ ಅಡಿಕೆ ಚಪ್ಪರದ ಕೆಲಸ ಬಿಟ್ಟು ಬಂದು ಒಂದು ನಿಮಿಷ ನೋಡಿದರು. "ಅತ್ತಿಗೆ, ಚೌಕ ಹೀಗೆ ವಾಲುವುದು ಸಹಜ. ಮೂಲೆಯಿಂದ ಮೂಲೆಗೆ ಎಳೆ ಹಾಕದಿದ್ದರೆ ನಿಲ್ಲುವುದಿಲ್ಲ" ಎಂದರು. ಮೂರು ಕಡ್ಡಿಯ ತ್ರಿಕೋನವನ್ನು ಎಷ್ಟು ಅಲುಗಿಸಿದರೂ ಆಕಾರ ಬದಲಾಗದು, ನಾಲ್ಕು ಕಡ್ಡಿಯ ಚೌಕ ಒತ್ತಿದತ್ತ ವಾಲುತ್ತದೆ. ಪ್ರತಿ ಚೌಕಕ್ಕೂ ಎರಡು ಕರ್ಣಗಳಲ್ಲಿ ದಾರ ಎಳೆದು ಕಟ್ಟಿದೆವು. ಒಂಬತ್ತು ಇಂಚಿನ ಚೌಕದ ಕರ್ಣ ಹೆಚ್ಚುಕಡಿಮೆ ಹನ್ನೆರಡೂಮುಕ್ಕಾಲು ಇಂಚು. ಎರಡೂ ದಾರಗಳು ಸಮನಾಗಿದ್ದರೆ ಮೂಲೆಗಳು ತಾವಾಗಿಯೇ ನೆಟ್ಟಗಾಗುತ್ತವೆ. ಬಡಗಿಗಳು ಬಾಗಿಲ ಚೌಕಟ್ಟಿನ ಮೂಲೆಯನ್ನು ಪರೀಕ್ಷಿಸುವುದೂ ಹೀಗೆಯೇ ಕರ್ಣ ಅಳೆದು. ಆಮೇಲೆ ಹುಡುಗ ಆ ಚೌಕಟ್ಟನ್ನು ಚೆಂಡಿನಂತೆ ಉರುಳಿಸಿದರೂ ಅದು ಅಲುಗಲಿಲ್ಲ.

ಅದರ ಮೇಲೆ ಮೈದಾ ಅಂಟು ಕಾಯಿಸಿ ಕಾಗದ ಹಚ್ಚಿ ಭಾನುವಾರ ಸಂಜೆ ನಾನು ಶಿವಮೊಗ್ಗಕ್ಕೆ ಮರಳಿದೆ. ಮೂರನೆಯ ದಿನಕ್ಕೆ ತಂಗಿಯ ಫೋನ್.

ಬೂಷ್ಟು ಬಂದದ್ದರಲ್ಲಿ ಅಚ್ಚರಿಯೇನೂ ಇರಲಿಲ್ಲ. ಹಿಟ್ಟಿನ ಅಂಟು, ಒದ್ದೆ ಕಾಗದ, ಒಣಗದ ಗಾಳಿ ಈ ಮೂರೂ ಸೇರಿದ ಮೇಲೆ ಬೂಷ್ಟಿಗೆ ಇನ್ನೇನು ಬೇಕು? ಒಣ ಹವೆಯ ಊರಿನವರಿಗೆ ಹೊಂದುವ ವಿಧಾನವನ್ನು ನಾನು ಮಲೆನಾಡಿನ ಅಕ್ಟೋಬರಿಗೆ ತಂದಿದ್ದೆ. ತಂಗಿಯ ಗಂಡ ಒಂದು ಉಪಾಯ ಹೇಳಿದರು. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡಲು ತಂದ ಮೈಲುತುತ್ತ (ತಾಮ್ರದ ಸಲ್ಫೇಟ್) ಮನೆಯಲ್ಲಿ ಹೇಗೂ ಇತ್ತು, ಅಂಟಿಗೆ ಒಂದು ಚಿಟಿಕೆ ಹಾಕಿದರೆ ಬೂಷ್ಟು ಬಾರದು ಎಂದರು. ಉಪಾಯ ಸರಿಯಾದದ್ದೇ. ಪುಸ್ತಕಕ್ಕೆ ರಟ್ಟು ಕಟ್ಟುವವರೂ ಅಂಟಿಗೆ ಮೈಲುತುತ್ತ ಬೆರೆಸುವುದುಂಟು. ಆದರೆ ಅತ್ತೆಯವರು ಒಪ್ಪಲಿಲ್ಲ. "ಮಕ್ಕಳು ಅದೇ ಕೈಯಲ್ಲಿ ಕಜ್ಜಾಯ ತಿನ್ನುತ್ತಾರೆ. ತೋಟದ ಔಷಧ ತೋಟದಲ್ಲೇ ಇರಲಿ." ಅವರ ಮಾತೇ ಸರಿ ಎಂದು ನನಗೂ ಅನಿಸಿತು. ಮೈಲುತುತ್ತ ವಿಷ. ಅದನ್ನು ಅಡುಗೆಮನೆಯ ಪಾತ್ರೆಗೆ ತರಲೇಬಾರದು.

ಅತ್ತೆಯವರು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಕಾಗದ ಯಾಕೆ ಬೇಕು? ಪೆಟ್ಟಿಗೆಯಲ್ಲಿ ನಿಮ್ಮ ಮಾವನ ಹಳೆಯ ಪಂಚೆಗಳಿವೆ. ಒಗೆದು ಒಗೆದು ಜೇಡರ ಬಲೆಯಂತೆ ಆಗಿವೆ. ಬೆಳಕು ಚೆನ್ನಾಗಿ ಸೋಸಿ ಬರುತ್ತದೆ" ಎಂದು ತಂಗಿಗೆ ಹೇಳಿದರಂತೆ. ತಂಗಿ ಇದನ್ನು ಫೋನಿನಲ್ಲಿ ಹೇಳುತ್ತಿದ್ದಾಗಲೇ ನನ್ನ ತಲೆಯಲ್ಲಿ ಕತ್ತರಿ ಓಡತೊಡಗಿತ್ತು. ಹೊಲಿಗೆಯವಳಾಗಿ ನಾನು ಬಟ್ಟೆಯನ್ನು ಮೊದಲೇ ನೆನೆಯಬೇಕಿತ್ತು.

ಬಿಳಿ ಪಂಚೆಗೆ ಬಣ್ಣ ಬೇಕು ಎಂದಾಗ ಚೊಗರಿನ ಮಾತು ಬಂತು. ಅಡಿಕೆ ಸುಲಿದು ಬೇಯಿಸಿದಾಗ ಉಳಿಯುವ ನೀರು, ಒಬ್ಬೆಯ ಮೇಲೆ ಒಬ್ಬೆ, ಅಂದರೆ ಸಲದ ಮೇಲೆ ಸಲ, ಅದರಲ್ಲೇ ಬೇಯಿಸುತ್ತಾ ಹೋದಂತೆ ಗಟ್ಟಿಯಾಗಿ ಕೆಂಪು ಕಂದಾಗುತ್ತದೆ. ಅದೇ ಚೊಗರು. ಮರುವರ್ಷದ ಅಡಿಕೆಗೆ ಬಣ್ಣ ಕೊಡಲೆಂದು ಅದನ್ನು ಭರಣಿಯಲ್ಲಿ ಎತ್ತಿಡುತ್ತಾರೆ. ಬಟ್ಟೆಗೆ ಅದು ಒಳ್ಳೆಯ ಬಣ್ಣ. ಹೆಗ್ಗೋಡಿನ ಚರಕ ಸಂಸ್ಥೆಯ ಕೈಮಗ್ಗದ ಬಟ್ಟೆಗಳನ್ನು ಉಟ್ಟವರಿಗೆ ಅಡಿಕೆಯ ಈ ಬಣ್ಣ ಹೊಸದಲ್ಲ. ತಂಗಿಯ ಮನೆಯಲ್ಲಿ ಆ ವರ್ಷದ ಕೊಯ್ಲು ಆಗಷ್ಟೇ ಆರಂಭವಾಗಿದ್ದರಿಂದ ಹೊಸ ಚೊಗರು ತೆಳ್ಳಗಿತ್ತು. ಭರಣಿಯ ಹಳೆಯದು ಬೆಲ್ಲದ ಪಾಕದಂತಿತ್ತು.

ಗುರುವಾರ ಅತ್ತೆ ಸೊಸೆ ಇಬ್ಬರೂ ಕೂತು ಮಾಡಿದ ಕೆಲಸ ಹೀಗಿದೆ. ಪಂಚೆಯನ್ನು ಸೋಪು ಹಾಕಿ ಕುದಿಸಿ ಹಳೆಯ ಗಂಜಿಯ ಅಂಶವನ್ನೆಲ್ಲ ತೆಗೆದರು. ನಿಂಬೆಹಣ್ಣಿನ ಗಾತ್ರದ ಪಟಿಕವನ್ನು ಬಿಸಿನೀರಿನಲ್ಲಿ ಕರಗಿಸಿ ಅದರಲ್ಲಿ ಬಟ್ಟೆಯನ್ನು ಒಂದು ಗಂಟೆ ನೆನೆಸಿದರು. ಪಟಿಕ ಹಿಡಿದ ಬಟ್ಟೆಗೆ ಬಣ್ಣ ಗಟ್ಟಿಯಾಗಿ ನಿಲ್ಲುತ್ತದೆ. ಇಡೀ ಪಂಚೆಯನ್ನು ಮುಳುಗಿಸುವ ಮೊದಲು ಅಂಗೈಯಗಲದ ಚೂರುಗಳನ್ನು ಬೇರೆ ಬೇರೆ ತೆಳುವಿನ ಚೊಗರಿನಲ್ಲಿ ಅದ್ದಿ ನೋಡಿದರು. ಇಲ್ಲಿ ಹುಡುಗಿಗೆ ಮತ್ತೆ ಉತ್ಸಾಹ ಬಂತು. ಒಂದು ಚೂರನ್ನು ಸುಣ್ಣದ ತಿಳಿಯಲ್ಲಿ ಅದ್ದಿದಾಗ ಅದು ಕೆಂಪಾಗಿ ತಿರುಗಿತು, ಎಲೆ ಅಡಿಕೆಗೆ ಸುಣ್ಣ ಬಿದ್ದೊಡನೆ ಬಾಯಿ ಕೆಂಪಾಗುವ ಹಾಗೆ. ತುಕ್ಕು ಹಿಡಿದ ಮೊಳೆಯ ನೀರಿನಲ್ಲಿ ಅದ್ದಿದ್ದು ಕಪ್ಪಾಯಿತು. ಎಲ್ಲ ಚೂರುಗಳನ್ನೂ ಉರಿಯುವ ಬಲ್ಬಿನ ಮುಂದೆ ಹಿಡಿದು ನೋಡಿದ ಮೇಲೆ ತೀರ್ಮಾನ. ಹಗಲಿನಲ್ಲಿ ಚೆಂದ ಕಾಣುವ ಗಾಢ ಕೆಂಪು, ದೀಪದ ಮುಂದೆ ಬರೀ ಮಬ್ಬಾಗಿತ್ತು. ಹಗಲಿನಲ್ಲಿ ಮಾಸಲು ಎನಿಸುವ ತೆಳು ಬಣ್ಣ, ದೀಪದ ಮುಂದೆ ಮಾಗಿದ ಅಡಿಕೆ ಗೊನೆಯ ಹಾಗೆ ಹೊಳೆಯಿತು. ದೀಪದ ಹೊದಿಕೆಗೆ ಬಟ್ಟೆ ಆರಿಸುವವರು ಅದನ್ನು ರಾತ್ರಿಯಲ್ಲೇ ನೋಡಬೇಕು. ಅಂಗಡಿಯಲ್ಲಿ ಹಗಲು ಕೊಂಡು ಮೋಸಹೋಗುವುದು ಇದೇ ಕಾರಣಕ್ಕೆ.

ಶನಿವಾರ ನಾನು ಮತ್ತೆ ಹೋದೆ. ಬಟ್ಟೆಯನ್ನು ಚೌಕಟ್ಟಿಗೆ ಅಂಟಿಸುವ ಬದಲು ದಿಂಬಿಗೆ ಗವಸು ಹೊಲಿಯುವಂತೆ ಬುಟ್ಟಿಗೆ ಗವಸು ಹೊಲಿಯಬೇಕೆಂದು ರೈಲಿನಲ್ಲೇ ನಿರ್ಧರಿಸಿದ್ದೆ. ಮೇಲಿನ ಮತ್ತು ಕೆಳಗಿನ ಚೌಕ ತೆರೆದಿರಲಿ, ಉಳಿದ ನಾಲ್ಕು ಚೌಕ, ಎಂಟು ತ್ರಿಕೋನ ಸೇರಿ ಹನ್ನೆರಡು ತುಂಡು. ಅವನ್ನು ಹೊಲಿಗೆ ಯಂತ್ರದಲ್ಲಿ ಕೂಡಿಸಿದೆ. ತಂಗಿಯ ಮದುವೆಗೆ ನಾವು ಕೊಟ್ಟ ಯಂತ್ರ ಅದು, ಎಣ್ಣೆ ಕಂಡು ಬಹಳ ವರ್ಷವಾಗಿತ್ತು. ಬುಟ್ಟಿಯ ಬಾಯಿಗಿಂತ ನಡು ಅಗಲ, ಆದ್ದರಿಂದ ಸುತ್ತಲೂ ಹೊಲಿದ ಗವಸು ನಡುವನ್ನು ದಾಟಿ ಇಳಿಯುವುದಿಲ್ಲ. ಮೇಲಿಂದ ಕೆಳಗಿನವರೆಗೆ ಒಂದು ಪಕ್ಕದ ಹೊಲಿಗೆಯನ್ನು ಬಿಟ್ಟು ಅಲ್ಲಿ ಟಿಚ್ ಬಟನ್ ಹಾಕಿದೆ. ತುಂಡುಗಳನ್ನು ಕತ್ತರಿಸುವಾಗ ಒಂಬತ್ತು ಇಂಚಿಗೆ ಕಾಲು ಇಂಚು ಕಡಿಮೆ ಇಟ್ಟೆ, ಏಕೆಂದರೆ ಗಂಜಿಯಲ್ಲಿ ಅದ್ದಿದ ಬಟ್ಟೆ ಎಳೆದರೆ ಹಿಗ್ಗುತ್ತದೆ. ಅಕ್ಕಿಗಂಜಿಯಲ್ಲಿ ಅದ್ದಿ, ಹಿಂಡಿ, ಒದ್ದೆಯಾಗಿಯೇ ಚೌಕಟ್ಟಿಗೆ ತೊಡಿಸಿ ಬಟನ್ ಒತ್ತಿದೆವು. ಮಳೆ ಬಿಟ್ಟಿರಲಿಲ್ಲ. ಈ ಬಾರಿ ಅಡಿಕೆ ಒಣಗಿಸಲು ಬೆಂಕಿ ಹಾಕಿದ್ದ ಅಟ್ಟದ ಕೆಳಗೆ ಮೂರನ್ನೂ ನೇತುಹಾಕಿದೆವು. ಬೆಳಗಾಗುವಷ್ಟರಲ್ಲಿ ಬಟ್ಟೆ ತಮಟೆಯಂತೆ ಬಿಗಿದು ನಿಂತಿತ್ತು, ಬೆರಳಿನಿಂದ ತಟ್ಟಿದರೆ ಸದ್ದು ಬರುತ್ತಿತ್ತು. ಕರ್ಣದ ದಾರಗಳಿಲ್ಲದಿದ್ದರೆ ಆ ಬಿಗಿತಕ್ಕೆ ಬಿದಿರು ಬಾಗಿಹೋಗುತ್ತಿತ್ತು. ಸ್ವಲ್ಪ ಹೊಗೆಯ ವಾಸನೆ ಮಾತ್ರ ಉಳಿಯಿತು.

ಒಳಗೆ ಐದು ವ್ಯಾಟಿನ ಎಲ್‌ಇಡಿ ಬಲ್ಬು. ಹಳೆಯ ಗಾಜಿನ ಬಲ್ಬು ಬಿಸಿಯಾಗುತ್ತದೆ, ಬಟ್ಟೆಯ ಒಳಗೆ ಎಣ್ಣೆದೀಪವಂತೂ ಕೂಡದು. ಬಲ್ಬನ್ನು ಬುಟ್ಟಿಯ ಸರಿ ನಡುವಿಗೆ ಇಳಿಬಿಟ್ಟೆವು. ಬಟ್ಟೆಗೆ ಹತ್ತಿರವಾದರೆ ಬೆಳಕು ಒಂದೇ ಕಡೆ ಬೊಟ್ಟಿನಂತೆ ಕಾಣುತ್ತದೆ. ಸೂರಿನ ಅಂಚಿನಿಂದ ಎರಡು ಅಡಿ ಒಳಗೆ ಕಟ್ಟಿದೆವು, ಮಲೆನಾಡಿನ ಮಳೆ ನೆಟ್ಟಗೆ ಬೀಳುವುದಿಲ್ಲ.

ತೋರಣದ ಕತೆ ಬೇರೆ. ಮಾವಿನೆಲೆಯ ತೋರಣವನ್ನು ಹಬ್ಬದ ಬೆಳಿಗ್ಗೆ ಹೇಗೂ ಕಟ್ಟುತ್ತಾರೆ, ಅದಕ್ಕೆ ಖರ್ಚಿಲ್ಲ. ಆದರೆ ಹುಡುಗಿಗೆ ಬಾಡದ ತೋರಣ ಬೇಕಿತ್ತು. ಅಡಿಕೆ ಹಾಳೆಯನ್ನು ನೆನೆಸಿ, ಹೂವಿನ ಎಸಳಿನಂತೆ ಕತ್ತರಿಸಿ, ರುಬ್ಬುಗುಂಡಿನ ಕೆಳಗೆ ಒತ್ತಿ ಒಣಗಿಸಿ ನೋಡಿದೆವು. ಬೇಸಿಗೆಯಲ್ಲಿ ಬಿದ್ದು ಅಟ್ಟ ಸೇರಿದ್ದ ಹಾಳೆಗಳು ಬೆಣ್ಣೆಯ ಬಣ್ಣದ ಒಳ್ಳೆಯ ಹೂಗಳಾದವು. ಮಳೆಗಾಲದಲ್ಲಿ ಬಿದ್ದವು ಕಪ್ಪು ಚುಕ್ಕೆ ಹಿಡಿದಿದ್ದವು, ಎಸೆದೆವು. ಹದಿನೆಂಟು ಹೂಗಳು ಆದವು. ಅವುಗಳನ್ನು ದೇವರ ಕೋಣೆಯ ಬಾಗಿಲಿಗೆ ಕಟ್ಟಿದೆವು.

ಹೆಬ್ಬಾಗಿಲಿಗೆ ಹುಡುಗಿ ಮನಸ್ಸಿನಲ್ಲಿ ಇಟ್ಟುಕೊಂಡದ್ದು ಭತ್ತದ ತೆನೆಯ ತೋರಣ. ನಮ್ಮ ಸೀಮೆಯ ದೀವರು ಸಮುದಾಯದ ಹೆಂಗಸರ ಕೈಯ ಈ ಕೆಲಸವನ್ನು ನೋಡದವರಿಲ್ಲ. ಭೂಮಿ ಹುಣ್ಣಿಮೆಗೆ ಚಿತ್ತಾರ ಬರೆದ ಬೂಮಣ್ಣಿ ಬುಟ್ಟಿ ಹೊತ್ತು ಗದ್ದೆಗೆ ಹೋಗುವವರೂ, ಮದುವೆಗೆ ಗೋಡೆಯ ಮೇಲೆ ಹಸೆ ಬರೆಯುವವರೂ ಅವರೇ. ತಂಗಿಯ ಮನೆಗೆ ಅಡಿಕೆ ಸುಲಿಯಲು ಬರುವ ಒಬ್ಬ ಹಿರಿಯಾಕೆ ತೋರಣ ಕಟ್ಟುತ್ತಾರೆ. ಹೆಬ್ಬಾಗಿಲಿನ ಅಗಲದ ಒಂದಕ್ಕೆ 500 ರೂಪಾಯಿ ಎಂದರು. ಹುಡುಗಿ ನನ್ನ ಕಿವಿಯಲ್ಲಿ, "ದೊಡ್ಡಮ್ಮ, ಗದ್ದೆ ನಮ್ಮದೇ ಇದೆ. ಭತ್ತಕ್ಕೆ ದುಡ್ಡು ಯಾಕೆ?" ಎಂದಳು.

ನಾವು ಗದ್ದೆಗೆ ಹೋದೆವು. ಭತ್ತ ಆಗಷ್ಟೇ ಹಾಲು ತುಂಬಿಕೊಳ್ಳುತ್ತಿತ್ತು. ಭೂಮಿ ಹುಣ್ಣಿಮೆ ಎಂದರೇ ಬಸುರಿ ಗದ್ದೆಗೆ ಬಯಕೆಯ ಊಟ ಬಡಿಸುವ ಹಬ್ಬ. ಅದಾದ ಹತ್ತೇ ದಿನಕ್ಕೆ ತೆನೆ ಕೊಯ್ಯಲು ಹೋದ ನಮಗೆ ಅಷ್ಟೂ ಹೊಳೆಯಲಿಲ್ಲ. ಅಟ್ಟದ ಹುಲ್ಲಿನಲ್ಲಿ ಉಳಿದಿದ್ದ ಹಳೆಯ ತೆನೆಗಳನ್ನು ಹುಡುಕಿ ಹೆಣೆಯಲು ಕೂತೆವು. ಕಡ್ಡಿ ಮುರಿಯಿತು, ಕಾಳು ಉದುರಿತು. ಎರಡು ಸಂಜೆ ಕಳೆದ ಮೇಲೆ ಕೈಯಲ್ಲಿದ್ದದ್ದು ಒಂದು ಗೇಣು ಜಡೆ, ಅದರ ಕೆಳಗೆ ಹಿಡಿಯಷ್ಟು ಕಾಳು.

ಆ ಹಿರಿಯಾಕೆ ಅದನ್ನು ನೋಡಿ ನಗಲಿಲ್ಲ. ಹುಡುಗಿಯ ಪಕ್ಕದಲ್ಲಿ ಕೂತು ಹೇಳಿದರು: "ಮಗಳೇ, ಇದರ ಕೆಲಸ ಹೋದ ವರ್ಷವೇ ಶುರುವಾಗಬೇಕು. ಕಾಳು ಬಲಿತು ಹುಲ್ಲು ಇನ್ನೂ ಹಸಿರಿರುವಾಗ ಕೊಯ್ಯಬೇಕು. ಪೂರ್ತಿ ಹಣ್ಣಾದರೆ ಉದುರುತ್ತದೆ. ನೆರಳಲ್ಲಿ ಒಣಗಿಸಿ, ಇಲಿ ಮುಟ್ಟದ ಹಾಗೆ ಕಟ್ಟಿಡಬೇಕು. ಹೆಣೆಯುವ ಹೊತ್ತಿಗೆ ಕಡ್ಡಿಯನ್ನಷ್ಟೇ ನೆನೆಸಬೇಕು." ಅವರು ಹೆಣೆಯುವುದನ್ನು ನಾನು ಹತ್ತಿರದಿಂದ ನೋಡಿದೆ. ಪ್ರತಿ ತಿರುವಿನಲ್ಲೂ ಹೊಸ ತೆನೆಯೊಂದನ್ನು ಸೇರಿಸುತ್ತಾರೆ, ಹಳೆಯದರ ಬಾಲ ಒಳಗೆ ಅಡಗುತ್ತದೆ, ಎಲ್ಲಿಯೂ ದಾರವಿಲ್ಲ. ಒಂದು ದಿನದ ಕೂಲಿಗಿಂತ ಹೆಚ್ಚು ಹೊತ್ತಿನ ಕೆಲಸ ಅದು, ಹಿಂದಿನ ವರ್ಷದ ಎಚ್ಚರಿಕೆ ಬೇರೆ. ತಂಗಿ ಚೌಕಾಸಿ ಮಾಡದೆ 500 ಕೊಟ್ಟಳು. ನಾನು ಹೇಳುವುದೂ ಅಷ್ಟೇ: ಪ್ಲಾಸ್ಟಿಕ್ ಹೂವಿನ 650 ದುಬಾರಿ, ಈ 500 ದುಬಾರಿಯಲ್ಲ. ಮನೆಯಲ್ಲಿ ಮಾಡಿ ದುಡ್ಡು ಉಳಿಸಬೇಕಾದದ್ದು ಯಾವುದು, ಬಲ್ಲ ಕೈಯೊಂದಕ್ಕೆ ದುಡ್ಡು ಕೊಟ್ಟು ಆ ಕೆಲಸವನ್ನು ಉಳಿಸಬೇಕಾದದ್ದು ಯಾವುದು ಎಂದು ಬೇರೆ ಮಾಡಿ ನೋಡದಿದ್ದರೆ ಅಗ್ಗದ ಸಿಂಗಾರದ ಮಾತಿಗೆ ಅರ್ಥವಿಲ್ಲ.

ಹಣತೆಯಲ್ಲಿ ಹೇಳಲು ಹೆಚ್ಚೇನಿಲ್ಲ. ಬಣ್ಣವಿಲ್ಲದ ಮಣ್ಣಿನ ಹಣತೆ ಐದು ರೂಪಾಯಿಗೊಂದರಂತೆ ಇಪ್ಪತ್ತನಾಲ್ಕು ತಂದರು. ಒಂದು ರಾತ್ರಿ ನೀರಿನಲ್ಲಿ ನೆನೆಸಿಟ್ಟರೆ ಮಣ್ಣು ಎಣ್ಣೆ ಕುಡಿಯುವುದು ಕಡಿಮೆಯಾಗುತ್ತದೆ. ಚೆಂಡುಹೂವು ಅಂಗಳದಲ್ಲೇ ಇತ್ತು, ಸಾಲದ್ದಕ್ಕೆ ಒಂದು ಕಿಲೋ ಕೊಂಡರು. ಮಿಣುಕು ದೀಪದ ಸರವನ್ನು ಹುಡುಗಿಯೇ ಪಟ್ಟಿಯಿಂದ ಹೊಡೆದುಹಾಕಿದಳು. ಬುಟ್ಟಿಯ ಬೆಳಕಿನ ಪಕ್ಕದಲ್ಲಿ ಅದು ಕಣ್ಣಿಗೆ ಚುಚ್ಚುತ್ತದೆ ಎಂದಳು.

ಈಗ ಖರ್ಚಿನ ಮಾತು. ಮೊದಲ ಹಂತದ 730 ರೂಪಾಯಿಯಲ್ಲಿ ಬಹುಪಾಲು ನೀರಿನಲ್ಲಿ ಹೋಯಿತು. ಜರಿಯ ಅಂಚು ಇನ್ನೂ ಪೊಟ್ಟಣದಲ್ಲೇ ಇದೆ. ಆಮೇಲೆ ಬಿದಿರಿಗೆ 80, ದಾರಕ್ಕೆ 30, ಮೈದಾಕ್ಕೆ 30, ಪಟಿಕಕ್ಕೆ 20, ಮೂರು ಬಲ್ಬಿಗೆ 210, ಹೋಲ್ಡರು ಮತ್ತು ತಂತಿಗೆ 240, ಸೇರಿ 610. ಹಣತೆ 120, ಹೂವು 80, ಭತ್ತದ ತೋರಣ 500. ಒಟ್ಟು 2,040. ನಾನು ಕೊಟ್ಟ ಸಾವಿರದ ಮಾತು ಉಳಿಯಲಿಲ್ಲ. ಮೊದಲ ಹಂತದ ತಪ್ಪು ಮಾಡದಿದ್ದರೆ, ಕಾಗದ ಹಚ್ಚಲು ಬಳಸಿದ ಮೈದಾವನ್ನೂ ಬಿಟ್ಟು, 1,280ಕ್ಕೆ ಮುಗಿಯುತ್ತಿತ್ತು. ಅಂಗಡಿಯ ಪಟ್ಟಿಯ 6,020ರಲ್ಲಿ ಬಲ್ಬು, ಹೋಲ್ಡರು ಸೇರಿರಲಿಲ್ಲ, ಅವನ್ನೂ ಹಿಡಿದರೆ 6,470. ಉಳಿತಾಯ 4,430. ನನ್ನ ರೈಲು ಖರ್ಚನ್ನು ಹಿಡಿದಿಲ್ಲ, ತಂಗಿಯ ಮನೆಗೆ ನಾನು ಹೇಗೂ ಹೋಗುತ್ತೇನೆ. ಹೊತ್ತಿನ ಲೆಕ್ಕವನ್ನು ಹುಡುಗಿ ಬರೆದಿಟ್ಟಿದ್ದಳು: ಐದು ಜನರ ಕೈ ಸೇರಿ 46 ಗಂಟೆ. ಅದರಲ್ಲಿ 17 ಗಂಟೆ ಕಾಗದದ ಬುಟ್ಟಿಗಳಿಗೆ ಹೋಗಿತ್ತು. ಕೊಯ್ಲಿನ ದಿನಗಳಲ್ಲಿ ಇಷ್ಟು ಹೊತ್ತು ಎಲ್ಲ ಮನೆಗಳಲ್ಲೂ ಸಿಗುವುದಿಲ್ಲ. ಬಿಡುವಿಲ್ಲದವರು ಮೂರರ ಬದಲು ಒಂದು ಬುಟ್ಟಿ ಮಾಡಿ ಹೆಬ್ಬಾಗಿಲಿಗೆ ಕಟ್ಟಿದರೂ ಮನೆಗೆ ಹಬ್ಬದ ಕಳೆ ಬರುತ್ತದೆ.

ಅಕ್ಟೋಬರ್ 30ರ ಸಂಜೆ, ಬೂರೆ ಹಬ್ಬದ ನೀರು ತುಂಬಿ ಹಂಡೆಗೆ ಪೂಜೆ ಮಾಡಿದ ಮೇಲೆ, ಮೂರು ಬುಟ್ಟಿಗಳನ್ನೂ ಒಟ್ಟಿಗೆ ಹೊತ್ತಿಸಿದರು. ನಾನು ಶಿವಮೊಗ್ಗದಿಂದ ಫೋನಿನಲ್ಲಿ ನೋಡಿದೆ. ಪಾಡ್ಯದ ದಿನ ಗೋಪೂಜೆಗೆ ಹೋದಾಗ ಕಣ್ಣಾರೆ ಕಂಡೆ. ದನಗಳ ಕೊರಳಿನಲ್ಲಿ ಅಡಿಕೆ, ಸಿಂಗಾರ ಎನ್ನುವ ಅಡಿಕೆಯ ಹೂಗೊಂಚಲು, ಪಚ್ಚೆತೆನೆ, ಚೆಂಡುಹೂವಿನ ಸರ. ಮೇಲೆ ಸೂರಿನಲ್ಲಿ ಅದೇ ಅಡಿಕೆಯ ಬಣ್ಣದ ಬೆಳಕು. ಆ ರಾತ್ರಿ, ದೀಪಾವಳಿಯಲ್ಲಿ ಮನೆಮನೆಗೆ ದೀಪ ಒಯ್ಯುವ ‘ಅಂಟಿಗೆ ಪಂಟಿಗೆ’ ತಂಡದವರು ಹಾಡುತ್ತಾ ದೀಪ ಹಿಡಿದು ಬಂದರು. ಅತ್ತೆಯವರು ದೀಪಕ್ಕೆ ಎಣ್ಣೆ ಎರೆಯುತ್ತಿದ್ದಾಗ ಆ ತಂಡದ ಹಿರಿಯರೊಬ್ಬರು ಬುಟ್ಟಿಯ ಕೆಳಗೆ ನಿಂತು ಕತ್ತೆತ್ತಿ ನೋಡಿದರು. "ಇದು ಯಾವ ಬಟ್ಟೆ ಅಮ್ಮ?" ಎಂದು ಕೇಳಿದರು. "ನಮ್ಮ ಯಜಮಾನರ ಪಂಚೆ" ಎಂದರು ಅತ್ತೆಯವರು. ಯಜಮಾನರು ತೀರಿಹೋಗಿ ಆಗ ಆರು ವರ್ಷವಾಗಿತ್ತು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ, ಆಮೇಲೆ ಹಾಡು ಮುಂದುವರಿಯಿತು.

ಬುಟ್ಟಿಗಳು ಕಾರ್ತಿಕ ಮಾಸ ಮುಗಿಯುವವರೆಗೂ ಉರಿದವು. ಆಮೇಲೆ ಗವಸುಗಳ ಬಟನ್ ಬಿಚ್ಚಿ, ಗಂಜಿ ಹೋಗುವಂತೆ ಒಗೆದು, ಮಡಿಸಿ ಪೆಟ್ಟಿಗೆಗೆ ಹಾಕಿದರು. ಗಂಜಿ ಉಳಿದರೆ ಜಿರಲೆ ಬರುತ್ತದೆ. ಚೌಕಟ್ಟುಗಳು ಅಟ್ಟ ಸೇರಿದವು. ಒಂದರಲ್ಲಿ ಎರಡು ಕಡ್ಡಿಗೆ ಹುಳು ಬಿದ್ದಿದೆ, ಬದಲಿಸಬೇಕು.

ಡಿಸೆಂಬರಿನಲ್ಲಿ ಗದ್ದೆ ಕೊಯ್ಯುವ ನಾಲ್ಕು ದಿನ ಮೊದಲು ಹುಡುಗಿ ಆ ಹಿರಿಯಾಕೆಯನ್ನು ಕರೆದುಕೊಂಡು ಬದುವಿನ ಮೇಲೆ ನಡೆದಳಂತೆ. ಅವರು ಬೆರಳಿನಿಂದ ಕಾಳು ಒತ್ತಿ ನೋಡಿ, ಇದು, ಇದು ಎಂದು ತೋರಿಸಿದ ತೆನೆಗಳನ್ನು ಕೊಯ್ದು ಎರಡು ಸೂಡು ಕಟ್ಟಿದ್ದಾಳೆ. ಅಟ್ಟದ ಜಂತಿಗೆ ಅವು ತಲೆಕೆಳಗಾಗಿ ತೂಗುತ್ತಿವೆ. ಇಲಿ ಹತ್ತದಂತೆ ಹಗ್ಗದ ನಡುವೆ ತೆಂಗಿನ ಚಿಪ್ಪು ಕವುಚಿ ಪೋಣಿಸಿದವನು ಅವಳ ತಮ್ಮ.